ಮರವಲ್ಲದ ಒಡಲಿಗೆ ಯಾವ ತಂತಿ?

ಒಂದು ವಾದ್ಯದ ಸ್ವಭಾವವನ್ನು ನಾವು ತಿದ್ದಬೇಕೋ, ಅದಕ್ಕೆ ಒಗ್ಗಿಕೊಳ್ಳಬೇಕೋ? ಕಾರ್ಬನ್ ಫೈಬರಿನ ಗಿಟಾರಿಗೆ ತಂತಿ ಆರಿಸುವವರೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಪ್ರಶ್ನೆಗೆ ಉತ್ತರ ಕೊಟ್ಟಿರುತ್ತಾರೆ. ಮೇಲ್ನೋಟಕ್ಕೆ ಇದು ವಾದ್ಯದಂಗಡಿಯಲ್ಲೇ ಮುಗಿಯುವ ಮಾತು: ದನಿ ತೀರಾ ಹರಿತವಾಗಿದೆ, ಸ್ವಲ್ಪ ಮೆದು ತಂತಿ ಕೊಡಿ. ಆದರೆ ‘ತೀರಾ ಹರಿತ’ ಎನ್ನುವಾಗ ನಮ್ಮ ಕಿವಿಯಲ್ಲಿ ಅಳತೆಗೋಲೊಂದು ಇರುತ್ತದೆ. ಅದು ಎಲ್ಲಿಂದ ಬಂತು, ಯಾರದು, ಅದನ್ನು ಯಾರ ಮೇಲೆ ಇಡುತ್ತಿದ್ದೇವೆ ಎಂದು ಕೇಳತೊಡಗಿದರೆ ವಿಷಯ ಗಿಟಾರನ್ನು ದಾಟಿ ಮನುಷ್ಯರವರೆಗೆ ಬರುತ್ತದೆ. ಈ ಬರಹದಲ್ಲಿ ಆ ದಾರಿಯಲ್ಲಿ ಒಂದಿಷ್ಟು ದೂರ ನಡೆಯಬೇಕೆಂದಿದ್ದೇನೆ. ನಡೆಯುವ ನೆಲ ನನ್ನ ಸೀಮೆಯದೇ: ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಮತ್ತು ಅದರ ಆಸುಪಾಸು.

ಮೊದಲು ವಾದ್ಯದ ವಿಚಾರ. ಸಾಮಾನ್ಯ ಗಿಟಾರಿನ ಮೇಲುಹಲಗೆ ಸ್ಪ್ರೂಸ್ ಅಥವಾ ಸೀಡರ್ ಮರದ್ದು. ಬೆನ್ನು, ಪಕ್ಕಗಳಿಗೆ ಮಹಾಗನಿಯನ್ನೋ ರೋಸ್‌ವುಡ್ಡನ್ನೋ ಬಳಸುತ್ತಾರೆ. ಜಗತ್ತಿನ ಗಿಟಾರ್ ತಯಾರಕರು ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಬೀಟೆಯನ್ನೇ. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ, ಉಬ್ಬುತ್ತದೆ, ಕುಗ್ಗುತ್ತದೆ. ತಂತಿಯಿಂದ ಬಂದ ಕಂಪನದಲ್ಲಿ ಮೇಲಿನ ಸ್ವರಾಂಶಗಳನ್ನು ಅದರ ನಾರು ಬೇಗ ನುಂಗಿಬಿಡುತ್ತದೆ. ನಾವು ‘ಬೆಚ್ಚಗಿನ ದನಿ’ ಎನ್ನುವುದರಲ್ಲಿ ಈ ನುಂಗುವಿಕೆಯ ಪಾಲು ದೊಡ್ಡದು. ಕಾರ್ಬನ್ ಫೈಬರ್ ಎಂದರೆ ಎಪಾಕ್ಸಿಯಂಥ ರಾಳದಲ್ಲಿ ಕೂರಿಸಿದ ಇಂಗಾಲದ ಸಣ್ಣ ಎಳೆಗಳು. ತೂಕ ಕಡಿಮೆ, ಬಿರುಸು ಹೆಚ್ಚು, ತೇವಕ್ಕೂ ಅದಕ್ಕೂ ಸಂಬಂಧವಿಲ್ಲ. ಮೇಲಿನ ಸ್ವರಾಂಶಗಳನ್ನು ಅದು ಮರದಷ್ಟು ಬೇಗ ನುಂಗುವುದಿಲ್ಲ. ಹಾಗಾಗಿ ದನಿ ಹೊಳಪಾಗಿ, ಸಮನಾಗಿ, ಬಹಳ ಹೊತ್ತು ನಿಲ್ಲುತ್ತದೆ. ಕೆಲವರಿಗೆ ಅದು ಸ್ಪಷ್ಟತೆ, ಇನ್ನು ಕೆಲವರಿಗೆ ಲೋಹದ ಚುಚ್ಚು.

ಈ ಒಡಲು ಸಂಗೀತಕ್ಕೆ ಬಂದದ್ದು ಆಕಾಶದ ಕಡೆಯಿಂದ. ಹೆಲಿಕಾಪ್ಟರ್ ತಯಾರಿಸುತ್ತಿದ್ದ ಅಮೆರಿಕದ ಚಾರ್ಲ್ಸ್ ಕಮಾನ್ 1966ರಲ್ಲಿ ಗಾಜಿನ ನಾರಿನ ದುಂಡು ಬೆನ್ನಿರುವ ಓವೇಶನ್ ಗಿಟಾರನ್ನು ಹೊರತಂದ. ಮುಂದೆ ಭೌತವಿಜ್ಞಾನಿ ಜಾನ್ ಡೆಕರ್ ಹವಾಯಿಯ ಮಳೆ–ತೇವಕ್ಕೆ ಕೆಡದ ಗಿಟಾರ್ ಬೇಕೆಂದು ರೇನ್‌ಸಾಂಗ್ ಎಂಬ ಹೆಸರಿನಲ್ಲಿ ಕಾರ್ಬನ್ ಗಿಟಾರುಗಳನ್ನು ಮಾಡಿದರು. ನಮ್ಮ ಕಡೆಗೂ ಈ ವಸ್ತು ಅಪರಿಚಿತವೇನಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಕಾರ್ಬನ್ ಸಂಯುಕ್ತ ವಸ್ತು. ಚಳ್ಳಕೆರೆಯ ಬಳಿ ಡಿಆರ್‌ಡಿಒ ಪರೀಕ್ಷಾ ವಲಯದ ಮೇಲೆ ಹಾರುವ ಚಾಲಕರಹಿತ ವಿಮಾನಗಳಿಗೂ ಇದೇ ಜಾತಿಯ ಮೈ. ಕುರಿ ಕಾಯುವವರು ತಲೆಯೆತ್ತಿ ನೋಡುವ ಆ ವಿಮಾನಕ್ಕೂ ಕೈಯಲ್ಲಿ ಹಿಡಿಯುವ ಈ ಗಿಟಾರಿಗೂ ದೂರದ ನೆಂಟಸ್ತಿಕೆ ಇದೆ.

ಹವಾಯಿಗೆ ಮಳೆಯ ಕಾಟವಾದರೆ ನಮಗೆ ಮಳೆಯಿಲ್ಲದ ಕಾಟ. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಏಪ್ರಿಲ್ ತಿಂಗಳ ಒಣ ಬಿಸಿಲಿಗೆ ಇಲ್ಲಿ ಬಾಗಿಲ ಹಲಗೆಯೇ ಬಿರುಕು ಬಿಡುತ್ತದೆ. ಎರಡೂವರೆ ಮಿಲಿಮೀಟರ್ ದಪ್ಪದ ಸ್ಪ್ರೂಸ್ ಹಲಗೆಯ ಪಾಡೇನು? ಮರದ ಗಿಟಾರು ಬಿರಿದ ಮೇಲೆ ರಾಂಪುರದ ಕಡೆಯ ನನ್ನೊಬ್ಬ ಕಿರಿಯ ಗೆಳೆಯ, ಹಳೆಯದೊಂದು ಕಾರ್ಬನ್ ಗಿಟಾರನ್ನು ಅರ್ಧ ಬೆಲೆಗೆ ಕೊಂಡ. ಅವನು ಹಾಡುವುದು ತತ್ವಪದ. ಅವನ ಮನೆಯಲ್ಲಿ ರೇಷ್ಮೆ ಮಗ್ಗವಿದೆ. ಏಕತಾರಿಯ ಜಾಗದಲ್ಲಿ ಗಿಟಾರು ಯಾಕೆ ಎಂದು ಕೇಳಿದವರಿಗೆ, ‘ಕೈಗೆ ಸಿಕ್ಕಿದ್ದು ಇದು’ ಎನ್ನುವುದಷ್ಟೇ ಅವನ ಉತ್ತರ.

ಇನ್ನು ತಂತಿ. ಗಿಟಾರಿನ ಮೇಲಿನ ಎರಡು ತಂತಿಗಳು ಬರಿ ಉಕ್ಕು. ಉಳಿದವು ಉಕ್ಕಿನ ಎಳೆಯ ಮೇಲೆ ಬೇರೆ ಲೋಹದ ತಂತಿ ಸುತ್ತಿದವು. ಸುತ್ತಿದ ಲೋಹ ಯಾವುದು ಎಂಬುದರ ಮೇಲೆ ದನಿಯ ಬಣ್ಣ ನಿಲ್ಲುತ್ತದೆ. ಅಂಗಡಿಯಲ್ಲಿ ‘80/20 ಬ್ರಾಂಜ್’ ಎಂದು ಮಾರುವುದರಲ್ಲಿ 80 ಪಾಲು ತಾಮ್ರ, 20 ಪಾಲು ಸತು. ಅಂದರೆ ಅದು ಕಂಚಲ್ಲ, ಹಿತ್ತಾಳೆ; ಹೆಸರು ಮಾತ್ರ ಕಂಚು. ಅದರ ದನಿ ಹೊಳಪಿನದು. 1974ರ ಸುಮಾರಿಗೆ ಬಂದ ಫಾಸ್ಫರ್ ಬ್ರಾಂಜ್‌ನಲ್ಲಿ ತಾಮ್ರದ ಜೊತೆ ತವರ, ಚೂರು ರಂಜಕ. ಇದು ನಿಜವಾದ ಕಂಚು, ದನಿ ಸ್ವಲ್ಪ ಬೆಚ್ಚಗೆ. ನಿಕ್ಕೆಲ್, ಮೋನೆಲ್ ತಂತಿಗಳು ಇನ್ನೂ ಒಣ, ಇನ್ನೂ ಸಂಕೋಚದವು. ಮತ್ತೊಂದು ಜಾತಿ ಇದೆ: ಉಕ್ಕಿನ ಎಳೆಗೂ ಮೇಲಿನ ಬೆಳ್ಳಿಲೇಪದ ತಾಮ್ರಕ್ಕೂ ನಡುವೆ ರೇಷ್ಮೆಯ ನಾರು ಸೇರಿಸಿದ್ದು. ಇದರ ಎಳೆತ ಕಡಿಮೆ, ದನಿ ಮೆತ್ತಗೆ. ಇವತ್ತು ಎಷ್ಟೋ ಸೆಟ್ಟುಗಳಲ್ಲಿ ರೇಷ್ಮೆಯ ಬದಲು ನೈಲಾನ್ ನಾರು ಇರುತ್ತದೆ, ಹೆಸರು ಮಾತ್ರ ರೇಷ್ಮೆಯದೇ. ‘ನಮ್ ರೇಷ್ಮೆ ಗಿಟಾರ್‌ಗೂ ಬಂತೇನಣ್ಣ’ ಎಂದು ನನ್ನ ಗೆಳೆಯ ನಕ್ಕಿದ್ದ.

ಕಾರ್ಬನ್ ಒಡಲು, ಅದರ ಹೊಳಪು, ಆರಿಸಲು ಇಷ್ಟು ತಂತಿಗಳು. ಇಲ್ಲಿ ಎರಡು ಪಕ್ಷಗಳು ಹುಟ್ಟುತ್ತವೆ. ಮೊದಲ ಪಕ್ಷದ ಮಾತು: ಹೊಳಪನ್ನು ಅಡಗಿಸುವ ತಂತಿ ಹಾಕಿ, ಕಣ್ಣು ಮುಚ್ಚಿ ಕೇಳಿದರೆ ಮರದ ಗಿಟಾರು ಅನ್ನಿಸಬೇಕು. ಎರಡನೆಯ ಪಕ್ಷದ ಮಾತು: ಅದು ಮರವಲ್ಲ, ಮರದಂತೆ ನಟಿಸಬೇಕಾಗಿಯೂ ಇಲ್ಲ, ಅದರ ದನಿ ಅದಕ್ಕಿರಲಿ. ಮೊದಲನೆಯದು ತಿದ್ದುವ ನೀತಿ, ಎರಡನೆಯದು ಒಪ್ಪುವ ನೀತಿ. ನಮ್ಮ ಕಾಲದ ಮನಸ್ಸು ಎರಡನೆಯದರ ಕಡೆ ಬೇಗ ವಾಲುತ್ತದೆ. ನಾನೂ ಅದನ್ನೇ ಮೊದಲು ಪರಿಶೀಲಿಸುತ್ತೇನೆ, ಏಕೆಂದರೆ ಅದರಲ್ಲಿ ನ್ಯಾಯವಿದೆ.

ಮರದಂತೆ ಕೇಳಿಸಬೇಕು ಎಂಬ ಬೇಡಿಕೆಯಲ್ಲಿ ಏನು ತಪ್ಪು? ಬೆಂಗಳೂರಿನ ಎಂಜಿನಿಯರ್, ಸಂಗೀತಗಾರ ಕೆ. ವರದರಂಗನ್ ಅವರು ಮರ ಮತ್ತು ತೊಗಲು ಎರಡನ್ನೂ ಬಿಟ್ಟು ಸಿಂಥೆಟಿಕ್ ವಸ್ತುಗಳಿಂದ ‘ಶ್ರೀ ಮೃದಂಗಂ’ ರೂಪಿಸಿದ್ದಾರೆ. ಹಲಸಿನ ಕಳಸಿಗೆ, ಹಸು–ಆಡುಗಳ ತೊಗಲಿಗೆ ಬದಲಿ ಹುಡುಕುವುದು ಸಣ್ಣ ಕೆಲಸವಲ್ಲ. ಮೃದಂಗದ ತೊಗಲು ಎಲ್ಲಿಂದ ಬರುತ್ತದೆ, ಅದನ್ನು ಹದ ಮಾಡುವವರು ಯಾರು, ಅವರಿಗೆ ಸಭೆಯಲ್ಲಿ ಯಾವ ಜಾಗ ಸಿಕ್ಕಿದೆ ಎಂಬ ಪ್ರಶ್ನೆಗಳನ್ನು ಟಿ.ಎಂ. ಕೃಷ್ಣ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕದಲ್ಲಿ 2020ರಲ್ಲಿ ಎತ್ತಿದರು. ಇಂಥ ಭಾರವಾದ ಪ್ರಶ್ನೆಗಳು ಸುತ್ತ ಇರುವಾಗಲೂ, ಹೊಸ ವಸ್ತುವಿನ ವಾದ್ಯವನ್ನು ಕಂಡ ಕೇಳುಗ ಮೊದಲು ಕೇಳುವುದು ಒಂದೇ: ‘ಹಳೆಯದರ ಹಾಗೆ ಕೇಳಿಸುತ್ತದೆಯೇ?’ ಹೊಸ ವಾದ್ಯ ಪರೀಕ್ಷೆಗೆ ಕೂತಿರುತ್ತದೆ, ಆದರೆ ಅದರ ಮೌಲ್ಯಮಾಪನ ನಡೆಯುವುದು ಇನ್ನೊಂದು ವಾದ್ಯದ ಉತ್ತರ ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು. ಪೂರ್ತಿ ಅಂಕ ಬಂದರೂ ಅದು ‘ಪರವಾಗಿಲ್ಲವೇ, ಥೇಟ್ ಹಳೆಯದರಂತೆಯೇ ಇದೆ’ ಎಂಬ ಅಂಕ.

ಮರದ ಗಿಟಾರಿಗೂ ಜನ ತಂತಿ ಆರಿಸುತ್ತಾರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮಹಾಗನಿಯ ದನಿ ಒಣಗಿದ್ದರೆ ಹೊಳಪಿನ ತಂತಿ, ಬೀಟೆಯ ಮಂದ್ರ ಜಾಸ್ತಿಯಾದರೆ ಹಗುರ ತಂತಿ. ಅದನ್ನು ಯಾರೂ ‘ಕೊರತೆ ಮುಚ್ಚುವುದು’ ಎನ್ನುವುದಿಲ್ಲ, ‘ಅಭಿರುಚಿ’ ಎನ್ನುತ್ತಾರೆ. ಒಂದೇ ಕೆಲಸಕ್ಕೆ ಒಬ್ಬರ ಮನೆಯಲ್ಲಿ ಅಭಿರುಚಿ, ಇನ್ನೊಬ್ಬರ ಮನೆಯಲ್ಲಿ ತಿದ್ದುಪಡಿ ಎಂಬ ಹೆಸರು. ಮೊದಲು ಬಂದವರ ಸ್ವಭಾವ ಪ್ರಕೃತಿ ಎನಿಸಿಕೊಳ್ಳುತ್ತದೆ, ಆಮೇಲೆ ಬಂದವರ ಸ್ವಭಾವ ದೋಷ.

ಇದು ವಾದ್ಯದ ಮಾತಷ್ಟೇ ಆಗಿದ್ದರೆ ಇಷ್ಟು ಉದ್ದ ಎಳೆಯುತ್ತಿರಲಿಲ್ಲ. ನಮ್ಮದು ಗಡಿ ಸೀಮೆ. ಆಂಧ್ರದ ರಾಯದುರ್ಗ ಪಕ್ಕದಲ್ಲೇ ಇದೆ. ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಕನ್ನಡದ ಎಳೆತ, ಏರಿಳಿತಗಳಲ್ಲಿ ತೆಲುಗಿನ ನೆರಳು. ಒಮ್ಮೆ ವಿಚಾರ ಸಂಕಿರಣವೊಂದರಲ್ಲಿ ನಾನು ಪ್ರಬಂಧ ಮಂಡಿಸಿದ ಮೇಲೆ ಹಿರಿಯರೊಬ್ಬರು ಊಟದ ಸಾಲಿನಲ್ಲಿ ಹೆಗಲ ಮೇಲೆ ಕೈಯಿಟ್ಟು, ‘ವಿಷಯ ಚೆನ್ನಾಗಿದೆ ಕಣಪ್ಪ, ಮಾತಿನ ಧಾಟಿ ಸ್ವಲ್ಪ ಸರಿ ಮಾಡ್ಕೋ, ಇಂಟರ್‌ವ್ಯೂಗೆ ತೊಂದರೆ ಆಗುತ್ತೆ’ ಎಂದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಅವರು ಹೇಳಿದ್ದು ಲೋಕದ ಮಾತೇ. ಹಳ್ಳಿಗಳಿಂದ ವಿಶ್ವವಿದ್ಯಾಲಯಕ್ಕೆ ಬಂದ ಯಾರಿಗೂ ಆ ಮಾತು ಹೊಸದಲ್ಲ. ಒಡಲನ್ನು ಬದಲಾಯಿಸಲಾಗದು, ಹಾಗಾಗಿ ತಂತಿಯನ್ನು ಹೇಗಾದರೂ ಮಾಡಿ ಇನ್ನೊಬ್ಬರಂತೆ ಕೇಳಿಸಿಕೊಳ್ಳಿ ಎಂಬ ಸಲಹೆ ಅದು. ಆ ಸಲಹೆಯನ್ನು ಪಾಲಿಸಿದವರು ಕೆಲಸ ಪಡೆದಿದ್ದಾರೆ. ಪಾಲಿಸಿ ಊರಿಗೆ ಬಂದಾಗ, ‘ಏನಪ್ಪಾ ಬೆಂಗ್ಳೂರೋರ ಥರ ಮಾತಾಡ್ತೀಯ’ ಎಂಬ ಮಾತನ್ನೂ ಕೇಳಿಸಿಕೊಂಡಿದ್ದಾರೆ.

ಹೀಗಿರುವಾಗ ಒಪ್ಪುವ ನೀತಿಯೇ ಸರಿ ಎನ್ನಿಸುವುದು ಸಹಜ. ಆದರೆ ಅದನ್ನು ಗಿಟಾರಿನ ಮೇಲೆ ಇಟ್ಟು ನೋಡಿದಾಗ ತೊಡಕೊಂದು ಕಾಣುತ್ತದೆ. ನನ್ನ ಗೆಳೆಯ ಮೊದಲು ಹಾಕಿದ್ದು 80/20 ತಂತಿ. ಕಾರ್ಬನ್ನಿನ ಸ್ವಭಾವಕ್ಕೆ ತಂತಿಯ ಸ್ವಭಾವವೂ ಸೇರಿ ಗಿಟಾರು ಗಾಜಿನಂತೆ ಮಿನುಗಿತು. ಒಂಟಿಯಾಗಿ ಕೇಳಲು ಚೆಂದವೇ. ಅವನು ಹಾಡತೊಡಗಿದ ಮೇಲೆ ಮಾತ್ರ ಪದದ ಅಕ್ಷರಗಳು ಕೇಳದಾದವು. ತತ್ವಪದದಲ್ಲಿ ಅಕ್ಷರ ಕೇಳದಿದ್ದರೆ ಉಳಿಯುವುದೇನು? ‘ಅಣ್ಣ, ಇದು ನನ್ನ ದನಿ ಮೇಲೆ ಹತ್ತಿ ಕುಂತೈತೆ’ ಎಂದ. ಮನುಷ್ಯರಲ್ಲೂ ಇದನ್ನು ಕಂಡಿದ್ದೇವೆ. ‘ನಾನಿರೋದೇ ಹೀಗೆ’ ಎಂಬ ಮಾತು ದಮನಕ್ಕೊಳಗಾದವನ ಬಾಯಲ್ಲಿ ಆತ್ಮಗೌರವ. ಅದೇ ಮಾತು ಮನೆಯವರೆಲ್ಲರ ಬಾಯಿ ಮುಚ್ಚಿಸುವ ಯಜಮಾನನ ಬಾಯಲ್ಲಿ ದರ್ಪ. ಸ್ವಭಾವ ತನ್ನದೆಂಬ ಒಂದೇ ಕಾರಣಕ್ಕೆ ಸರಿಯಾಗುವುದಾದರೆ ಈ ಎರಡರ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ.

ತಿದ್ದುವುದೂ ಅನ್ಯಾಯ, ಬಿಟ್ಟುಬಿಡುವುದೂ ಸಾಲದು. ಹಾಗಾದರೆ ಸಮತೋಲ ಎಂದರೇನು?

ತಂತಿಯ ಸಮತೋಲದ ಬಗ್ಗೆ ಭಾರತದಲ್ಲಿ ಬಹಳ ಹಿಂದಿನಿಂದ ಹೇಳುತ್ತ ಬಂದಿರುವ ಕಥೆಯೊಂದಿದೆ. ಬುದ್ಧನ ಶಿಷ್ಯ ಸೋಣ ಹಿಂದೆ ವೀಣೆ ನುಡಿಸುತ್ತಿದ್ದವನು, ಸುಕುಮಾರ ದೇಹದವನು. ಸನ್ಯಾಸಿಯಾದ ಮೇಲೆ ಅತಿಯಾದ ಸಾಧನೆಯಿಂದ ಬಳಲಿ ಮನೆಗೆ ಮರಳುವ ಯೋಚನೆ ಮಾಡಿದ. ಬುದ್ಧ ಅವನಿಗೆ ವೀಣೆಯನ್ನೇ ನೆನಪಿಸಿ, ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನುಡಿಯದಲ್ಲವೇ ಎಂದು ಕೇಳಿದ. ಈ ಕಥೆಯನ್ನು ನಾವು ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯ ಉದಾಹರಣೆಯಾಗಿ ಓದಿ ಮುಗಿಸುತ್ತೇವೆ. ಅದರಲ್ಲಿ ಇನ್ನೊಂದು ಮಾತೂ ಇದೆ. ಎಲ್ಲ ವೀಣೆಗಳಿಗೂ ಒಂದೇ ನಡು ಅಳತೆ ಇಲ್ಲ. ಸೋಣನಿಗೆ ಅತಿಯಾದದ್ದು ಇನ್ನೊಬ್ಬ ಭಿಕ್ಷುವಿಗೆ ಹಗುರವಾಗಿರಬಹುದು. ಅರಿಸ್ಟಾಟಲ್ ಕೂಡ ಮಧ್ಯಮವೆಂದರೆ ಲೆಕ್ಕದ ಮಧ್ಯವಲ್ಲ, ನಮಗೆ ತಕ್ಕ ಮಧ್ಯ ಎಂದು ವಿವರಿಸುತ್ತ, ಜಟ್ಟಿ ಮಿಲೋನಿಗೆ ಸಾಲದ ಊಟ ಗರಡಿಗೆ ಹೊಸದಾಗಿ ಬಂದವನಿಗೆ ಹೆಚ್ಚಾದೀತು ಎನ್ನುತ್ತಾನೆ. ಗೆಳೆಯನ ತಂದೆಗೆ ಇದನ್ನು ಹೇಳಿದಾಗ ಅವರಿಗೆ ಅಚ್ಚರಿಯಾಗಲಿಲ್ಲ. ಮಗ್ಗದ ಹಾಸು ಬಿಗಿಯಾದರೆ ಎಳೆ ಕಡಿಯುತ್ತದೆ, ಸಡಿಲವಾದರೆ ನೇಯ್ಗೆ ಜಾಳಾಗುತ್ತದೆ. ‘ಎಳೆ ನೋಡಿ ಬಿಗಿ ಮಾಡ್ಬೇಕಪ್ಪ, ಮಗ್ಗ ನೋಡ್ಕೊಂಡಲ್ಲ’ ಎಂದರು.

ಆದ್ದರಿಂದ ಮೊದಲ ನಿಯಮ: ಬಿಗಿಯ ಅಳತೆ ಒಡಲಿಗೆ ತಕ್ಕದ್ದಾಗಿರಬೇಕು. ಕಾರ್ಬನ್ ಗಿಟಾರಿನ ವಿಷಯದಲ್ಲಿ ಈ ನಿಯಮಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ಇಂಚಿನ ಸಾವಿರದ 12 ಭಾಗದಿಂದ 53 ಭಾಗದವರೆಗಿನ ಸಾಮಾನ್ಯ ಲೈಟ್ ಸೆಟ್ಟೊಂದು ಶ್ರುತಿಗೆ ಬಂದಾಗ ಆರೂ ತಂತಿಗಳ ಎಳೆತ ಒಟ್ಟು 70 ಕಿಲೋಗ್ರಾಂಗೂ ಹೆಚ್ಚು. ಮರದ ಹಲಗೆ ಇಷ್ಟಕ್ಕೇ ವರ್ಷ ಕಳೆದಂತೆ ಉಬ್ಬುತ್ತದೆ. ಕಾರ್ಬನ್ ಇನ್ನೂ ಹೆಚ್ಚು ತಡೆಯುತ್ತದೆ. ‘ತಡೆಯುತ್ತದಲ್ಲ, ದಪ್ಪ ತಂತಿಯನ್ನೇ ಹಾಕಿ, ಮಂದ್ರ ಗಟ್ಟಿಯಾಗುತ್ತದೆ’ ಎನ್ನುವವರಿದ್ದಾರೆ. ಮಂದ್ರ ಗಟ್ಟಿಯಾಗುವುದು ನಿಜ. ಆದರೆ ತಡೆಯುವ ಶಕ್ತಿ ಇದೆ ಎಂಬುದು ಹೇರಲು ಸಿಕ್ಕ ಅನುಮತಿಯಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಪ್ರಯೋಗಾಲಯದಲ್ಲಿ ದೂರದೆ ದುಡಿಯುವವರ ಮೇಲೆ ಭಾರ ಬೀಳುತ್ತ ಹೋಗುವುದು ಹೀಗೆಯೇ. ಗಿಟಾರಿನ ಒಡಲು ಸಹಿಸಿದರೂ ನುಡಿಸುವವನ ಬೆರಳು ಸಹಿಸಬೇಕಲ್ಲ?

ಎರಡನೆಯ ನಿಯಮ ಗೆಳೆಯನ ದೂರಿನಿಂದಲೇ ಹೊರಟದ್ದು. 80/20 ಅವನ ದನಿಯ ಮೇಲೆ ಹತ್ತಿ ಕೂತಿತ್ತು. ಆಮೇಲೆ ರೇಷ್ಮೆ–ಉಕ್ಕಿನ ತಂತಿ ಹಾಕಿದ. ದನಿಗೆ ಜಾಗ ಸಿಕ್ಕಿತು, ಆದರೆ ಗಿಟಾರು ಇದೆಯೋ ಇಲ್ಲವೋ ಎಂಬಷ್ಟು ತೆಳುವಾಯಿತು. ಮಂದ್ರ ಆಧಾರವೇ ಕೊಡಲಿಲ್ಲ. ಕೊನೆಗೆ ನಿಂತದ್ದು ಫಾಸ್ಫರ್ ಬ್ರಾಂಜ್, ಮೇಲೆ ತೆಳು ಪಾಲಿಮರ್ ಲೇಪವಿದ್ದದ್ದು. ಬರಿ ಉಕ್ಕಿನ ಎರಡು ತಂತಿಗಳನ್ನು ಮಾತ್ರ ಒಂದು ಗೇಜ್ ದಪ್ಪದ್ದು ಹಾಕಿ, ತನ್ನ ಗಂಟಲಿಗೆ ಹೊಂದುವಂತೆ ಇಡೀ ಗಿಟಾರನ್ನು ಅರ್ಧ ಸ್ವರ ಇಳಿಸಿದ. ತಾರದ ಚುಚ್ಚು ದುಂಡಾಯಿತು, ಬೆರಳಿಗೂ ಹಿತವಾಯಿತು. ಕೇಳಿದವರು ಮರದ ಗಿಟಾರು ಎಂದುಕೊಳ್ಳಲಿಲ್ಲ. ಬಹಳ ಹೊತ್ತು ನಿಲ್ಲುವ ಆ ದನಿ ಮರದ್ದಲ್ಲ ಎಂದು ಗೊತ್ತಾಗುತ್ತಲೇ ಇತ್ತು. ಹೇಳಬೇಕೆಂದರೆ ತತ್ವಪದಕ್ಕೆ ಆ ನಿಲುಗಡೆಯೇ ಅನುಕೂಲವಾಯಿತು, ತಂಬೂರಿಯ ಹಿನ್ನಾದ ಹಾಗೆಯೇ ಅಲ್ಲವೇ ನಿಲ್ಲುವುದು?

ಈ ಆಯ್ಕೆಯಲ್ಲಿ ‘ಮರದಂತಿದೆಯೇ’ ಎಂಬ ಪ್ರಶ್ನೆ ಎಲ್ಲಿಯೂ ಬರಲಿಲ್ಲ. ‘ನನ್ನ ಸ್ವಭಾವ ಪೂರ್ತಿ ಹೊರಬಂತೇ’ ಎಂಬ ಪ್ರಶ್ನೆಯೂ ಬರಲಿಲ್ಲ. ಬಂದದ್ದು ಮೂರನೆಯ ಪ್ರಶ್ನೆ: ಪಕ್ಕದ ದನಿಗೆ ಜಾಗ ಉಳಿದಿದೆಯೇ? ತಿದ್ದುಪಡಿ ಯಾವಾಗ ಅನ್ಯಾಯ, ಯಾವಾಗ ನ್ಯಾಯ ಎಂಬುದನ್ನು ಬೇರ್ಪಡಿಸುವುದು ಈ ಪ್ರಶ್ನೆಯೇ ಎಂದು ನನ್ನ ವಾದ. ಒಂದು ಮಾದರಿಯನ್ನು ಹೋಲಲಿಕ್ಕಾಗಿ ನನ್ನನ್ನು ಕುಗ್ಗಿಸಿಕೊಂಡರೆ ಅದು ನಟನೆ. ಜೊತೆಯವನು ಕೇಳಿಸಲಿ ಎಂದು ತಗ್ಗಿಸಿಕೊಂಡರೆ ಅದು ಸಂಯಮ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ದನಿ ಮೆದುವಾಗಿರುತ್ತದೆ. ಹಿರಿಯರು ನನಗೆ ಹೇಳಿದ ಸಲಹೆಯನ್ನೂ ಈ ಪ್ರಶ್ನೆಯಿಂದ ಅಳೆಯಬಹುದು. ನನ್ನ ಮಾತು ಯಾರಿಗಾದರೂ ತಿಳಿಯದೆ ಹೋಗಿದ್ದರೆ ನಿಧಾನವಾಗಿ, ಬಿಡಿಸಿ ಹೇಳುವುದು ನನ್ನ ಹೊಣೆ. ಎಲ್ಲರಿಗೂ ತಿಳಿದಿತ್ತು, ಆದರೂ ಅದು ‘ಅವರ ಹಾಗೆ’ ಇರಲಿಲ್ಲ ಎಂಬುದಷ್ಟೇ ದೂರಾದರೆ ತಿದ್ದಿಕೊಳ್ಳಬೇಕಾದ್ದು ಕೇಳುವ ಕಿವಿ.

ಜಟಿಂಗ ರಾಮೇಶ್ವರ ಈ ವಿಚಾರಕ್ಕೆ ಹಿನ್ನೆಲೆಯ ಚಿತ್ರ ಮಾತ್ರವಲ್ಲ. ರಾವಣನನ್ನು ತಡೆದ ಜಟಾಯು ಬಿದ್ದದ್ದು ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ರೆಕ್ಕೆ ಹೋದ ಮೇಲೂ ರಾಮ ಬರುವವರೆಗೆ ಅದು ಉಳಿಸಿಕೊಂಡದ್ದು ದನಿಯನ್ನು. ಈ ಬೆಟ್ಟದ ಮೇಲೆ, ಕೆಲವೇ ಕಿಲೋಮೀಟರ್ ಆಚೆಯ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲಿ ಅಶೋಕನ ಕಿರು ಬಂಡೆ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಲೋಕದ ಗಮನಕ್ಕೆ ತಂದರು. ಶಾಸನದ ಮೊದಲ ಭಾಗದಲ್ಲಿ ದೊರೆ ತನ್ನ ಪ್ರಯತ್ನದ ಬಗ್ಗೆ ಹೇಳಿಕೊಳ್ಳುತ್ತಾನೆ: ಉಪಾಸಕನಾಗಿ ಎರಡೂವರೆ ವರ್ಷ ಕಳೆದರೂ ಮೊದಲು ಹೆಚ್ಚು ಶ್ರಮಿಸಲಿಲ್ಲ, ಆಮೇಲೆ ಶ್ರಮಿಸಿದೆ, ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ ಎಂದು. ಎರಡನೆಯ ಭಾಗದಲ್ಲಿ ತಾಯಿತಂದೆಯರ ಸೇವೆ, ಜೀವಿಗಳ ಮೇಲೆ ದಯೆ, ಸತ್ಯ, ಗುರುವಿನ ಗೌರವ ಇವನ್ನು ಹೇಳಿ, ಇದು ಪುರಾತನ ಪ್ರಕೃತಿ ಎನ್ನುವ ಅರ್ಥದ ಮಾತು ಬರುತ್ತದೆ. ವಿದ್ಯಾರ್ಥಿಯಾಗಿ ಇದನ್ನು ಓದುವಾಗ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಪ್ರಕೃತಿಯೇ ಆಗಿದ್ದರೆ ಶ್ರಮವೇಕೆ? ತಾನಾಗಿ ಬರುವುದಕ್ಕೆ ಆಜ್ಞೆ ಏಕೆ?

ತಂತಿಯ ಕಡೆಯಿಂದ ನೋಡಿದರೆ ಈ ಎರಡು ಭಾಗಗಳಿಗೆ ಜಗಳವಿಲ್ಲ. ಬಿಟ್ಟರೆ ಉಳಿಯುವುದು ಪ್ರಕೃತಿ ಎಂದು ನಾವು ಭಾವಿಸುತ್ತೇವೆ. ಬಿಟ್ಟ ವೀಣೆಯಲ್ಲಿ ಉಳಿಯುವುದು ಅಪಶ್ರುತಿ. ವೀಣೆಯ ಪ್ರಕೃತಿ ಎಂದರೆ ಅದು ನುಡಿಯಬಲ್ಲ ನಾದ, ಅದನ್ನು ದಿನವೂ ಬಿರಡೆ ತಿರುಗಿಸಿಯೇ ಪಡೆಯಬೇಕು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದು ಸಣ್ಣ ದಾರ ಸರಿಸಿ ಜೀವಾರಿ ಕೂರಿಸುತ್ತಾರೆ. ಆ ಬಾಗಿದ ಕುದುರೆಯಿಂದಾಗಿ, ಸಾಮಾನ್ಯ ನಿಯಮದಂತೆ ಮೀಟಿದ ಜಾಗದಲ್ಲಿ ಹುಟ್ಟಲೇಬಾರದ ಸ್ವರಾಂಶಗಳೂ ಕೇಳಿಸುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದರು. ತಂತಿಯಲ್ಲಿ ಆ ಶಕ್ತಿ ಇತ್ತು. ದಾರ ಸರಿಸುವ ಕೈ ಇಲ್ಲದೆ ಅದು ಹೊರಬರುತ್ತಿರಲಿಲ್ಲ. ಉತ್ತರ ಕರ್ನಾಟಕದವರು ನಾಟಿ ತಳಿಗೆ ಹೇಳುವ ‘ಜವಾರಿ’ ಮತ್ತು ಸಂಗೀತಗಾರರ ‘ಜವಾರಿ’ ಬೇರೆ ಬೇರೆ ಪದಗಳು, ಕಿವಿಗೆ ಮಾತ್ರ ಒಂದೇ. ಆದರೂ ಆ ಎರಡನ್ನು ಜೊತೆಗಿಟ್ಟು ಯೋಚಿಸುವುದು ನನಗೆ ಇಷ್ಟ. ನೆಲದಿಂದ ಬಂದ ಗುಣ ಒಂದು, ಕೈಯಿಂದ ಕೂರಿಸಿದ ಹದ ಇನ್ನೊಂದು. ಒಂದು ಇದ್ದಲ್ಲಿ ಇನ್ನೊಂದು ಇರಬಾರದೆಂದೇನಿಲ್ಲ.

ಪಕ್ಕದ ದನಿಗೆ ಜಾಗ ಎಂಬ ಮಾತಿಗೂ ಅಶೋಕನಲ್ಲಿ ಆಧಾರವಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅವನ ಹನ್ನೆರಡನೆಯ ಶಾಸನದ ಭಾಗ ಸಿಕ್ಕಿದೆ. ತನ್ನ ಪಂಥವನ್ನು ಹೊಗಳುವಾಗಲೂ ಇತರರ ಪಂಥವನ್ನು ತೆಗಳುವಾಗಲೂ ಮಾತಿನ ಮೇಲೆ ಹಿಡಿತವಿರಬೇಕು ಎಂಬುದು ಆ ಶಾಸನದ ತಿರುಳು. ಅಲ್ಲಿ ಯಾರಿಗೂ ಪಂಥ ಬಿಡಿ ಎಂದು ಹೇಳಿಲ್ಲ. ಒಡಲು ಹಾಗೆಯೇ ಇರಲಿ, ತಂತಿಯ ಮೇಲೆ ಗಮನವಿರಲಿ ಎಂದಷ್ಟೇ ಅದರ ಅರ್ಥವೆಂದು ನಾನು ತಿಳಿಯುತ್ತೇನೆ.

ಇದಕ್ಕಿಂತ ನನಗೆ ಹತ್ತಿರವಾದವನು ದೊರೆಯಲ್ಲ, ಕಲ್ಲಿನ ಮೇಲೆ ಬರೆದವನು. ನಮ್ಮ ಸೀಮೆಯ ಮೂರೂ ಶಾಸನಗಳ ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಹೆಸರಿದೆ. ಅವನು ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬನ್ನು ಹೇಳುವ ಆ ಒಂದೇ ಒಂದು ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯುವ್ಯ ಭಾರತದ, ಬಲದಿಂದ ಎಡಕ್ಕೆ ಓಡುವ ಲಿಪಿ. ಅವನು ಆ ಕಡೆಯಿಂದ ಬಂದವನಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಬಹು ದೂರದ ಈ ಬಂಡೆಗಳ ನಾಡಿನಲ್ಲಿ ಅವನು ಮಾಡಿದ ಆಯ್ಕೆಯನ್ನು ನೋಡಿ. ಸಂದೇಶವನ್ನು ತನ್ನ ಲಿಪಿಯಲ್ಲಿ ಬರೆದಿದ್ದರೆ ಅದು ತಲುಪುತ್ತಿರಲಿಲ್ಲ. ತನ್ನ ಲಿಪಿಯನ್ನು ಪೂರ್ತಿ ಅಡಗಿಸಿದ್ದರೆ ಅವನು ಯಾರೆಂದು ನಮಗೆ ಗೊತ್ತಾಗುತ್ತಿರಲಿಲ್ಲ. ಓದಬೇಕಾದವರಿಗೆ ಓದಲು ಬಿಟ್ಟು, ಯಾರ ಜಾಗವನ್ನೂ ನುಂಗದ ಒಂದು ಮೂಲೆಯಲ್ಲಿ ತನ್ನ ಧಾಟಿಯನ್ನು ಉಳಿಸಿದ. ಕಾರ್ಬನ್ ಗಿಟಾರಿನ ಆ ಉದ್ದ ನಿಲುಗಡೆಯ ಹಾಗೆ.

ಕೊನೆಯದಾಗಿ ಕಾಲದ ಮಾತು. ಮರದ ಗಿಟಾರು ವರ್ಷ ಕಳೆದಂತೆ ದನಿ ಬಿಚ್ಚಿಕೊಳ್ಳುತ್ತದೆ ಎನ್ನುತ್ತಾರೆ ನುಡಿಸುವವರು. ಕಾರ್ಬನ್ ಒಡಲಿಗೆ ಅಂಥ ಮುಪ್ಪೂ ಇಲ್ಲ, ಮಾಗುವಿಕೆಯೂ ಇಲ್ಲ. ಹಾಗಾಗಿ ಆ ವಾದ್ಯದಲ್ಲಿ ಕಾಲ ಕಾಣಿಸುವುದು ತಂತಿಯಲ್ಲಿ ಮಾತ್ರ. ಹೊಸ ತಂತಿಯ ಮಿನುಗು ಕೆಲವು ವಾರಗಳಲ್ಲಿ ಬೆವರಿಗೆ, ಧೂಳಿಗೆ ಮಂಕಾಗುತ್ತದೆ. ಲೇಪವಿದ್ದರೆ ಇನ್ನಷ್ಟು ದಿನ. ಬದಲಾಗದ ಒಡಲನ್ನು ಪಡೆದವನು ತಂತಿಯನ್ನು ಮತ್ತೆ ಮತ್ತೆ ಆರಿಸಬೇಕು. ಒಮ್ಮೆ ಸಮತೋಲ ಕಂಡುಕೊಂಡೆ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಮುಂದಿನ ಸಲ ಹಾಡುವವನ ಗಂಟಲು ಬೇರೆಯಾಗಿರಬಹುದು, ಜೊತೆಗೆ ದಮ್ಮಡಿ ಬಡಿಯುವವನೊಬ್ಬ ಬಂದಿರಬಹುದು, ಕೋಣೆಯ ಬದಲು ಬಯಲಿರಬಹುದು. ಪ್ರಶ್ನೆ ಅದೇ, ಉತ್ತರ ಬೇರೆ.

ಬಂಡೆಯನ್ನು ನಾವು ಬದಲಾಗದ ಒಡಲೆಂದು ತಿಳಿಯುತ್ತೇವೆ. ಆದರೆ ಮೂರು ಶಾಸನಗಳಲ್ಲಿ ಬಹಳ ಸವೆದಿರುವುದು ಜಟಿಂಗ ರಾಮೇಶ್ವರದ್ದೇ. ಅದಿರುವ ಬಂಡೆಗೆ ಜನ ಇಟ್ಟ ಹೆಸರು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲಿ ಅಂಗಡಿ ಹೂಡುತ್ತಿದ್ದರಂತೆ. ಅಶೋಕನ ಅಕ್ಷರಗಳ ಮೇಲೆ ತಲೆಮಾರುಗಳ ಕಾಲು, ಗಂಟುಮೂಟೆ, ಮಳೆಗಾಳಿ ಓಡಾಡಿವೆ. ಕಲ್ಲಿನಲ್ಲಿ ಕೊರೆದ ಮಾತಿಗೂ ಉಳಿಯಲು ಮತ್ತೆ ಓದುವವರು ಬೇಕಾಯಿತು. ಒಳ್ಳೆಯತನವನ್ನು ಒಡಲಿನಲ್ಲಿ ಒಮ್ಮೆಗೇ ಕೆತ್ತಿಸಿ ನಿಶ್ಚಿಂತರಾಗುವ ದಾರಿ ದೊರೆಗೂ ಸಿಗಲಿಲ್ಲ. ನಮ್ಮ ಕೈಗಿರುವುದು ಬಿರಡೆ ಮತ್ತು ತಂತಿ. ಹಳೆಯದನ್ನು ಬಿಚ್ಚಿ ಹೊಸದನ್ನು ಏರಿಸುವಾಗ, ಇದು ಯಾರ ಹಾಗೆ ಕೇಳಿಸಬೇಕು ಎಂದು ಕೇಳುವ ಬದಲು, ಇದರ ಪಕ್ಕದಲ್ಲಿ ಯಾರು ಹಾಡಬೇಕಾಗಿದೆ ಎಂದು ಕೇಳಿಕೊಂಡರೆ ಆಯ್ಕೆ ಅಷ್ಟೇನೂ ಕಷ್ಟವಲ್ಲ.